ಪ್ರಶ್ನೆಪತ್ರಿಕೆ ತೆಗೆದವರು ಯಾರು? ನಮ್ಮ ಜಿಲ್ಲೆಯ ಸ್ವೀಪ್ ಸಮಿತಿಗೆ ಒಂದು ಬಹಿರಂಗ ಪತ್ರ

ಮತದಾರರಲ್ಲಿ ಜಾಗೃತಿ ಮೂಡಿಸುವ ಸ್ವೀಪ್ ಸಮಿತಿಯ ಅಧ್ಯಕ್ಷರಿಗೆ, ಸದಸ್ಯರಿಗೆ, ಮತ್ತು ಇದನ್ನು ಓದುತ್ತಿರುವ ಹುಬ್ಬಳ್ಳಿ-ಧಾರವಾಡದ ಎಲ್ಲರಿಗೂ ನಮಸ್ಕಾರ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಮೂವತ್ತೊಂದು ವರ್ಷ ಪಾಠ ಮಾಡಿದೆ, ಅಷ್ಟೂ ವರ್ಷ ಪ್ರಶ್ನೆಪತ್ರಿಕೆ ತೆಗೆದೆ. ಐದು ಚುನಾವಣೆಗೆ ಡ್ಯೂಟಿ ಮಾಡಿದ್ದೇನೆ, ಅದರಲ್ಲಿ ಎರಡು ಸಲ ಮತಗಟ್ಟೆ ಅಧ್ಯಕ್ಷಾಧಿಕಾರಿ ಆಗಿ. ನನಗೆ ರಾಜಕೀಯ ಜಾಸ್ತಿ ಗೊತ್ತಿಲ್ಲ. ಆದರೆ ಪ್ರಶ್ನೆ ಕೇಳುವುದು ಹೇಗೆ, ಮತಗಟ್ಟೆ ನಡೆಸುವುದು ಹೇಗೆ ಎನ್ನುವ ಎರಡು ಸಂಗತಿ ಗೊತ್ತು. ಯಾವ ಪಕ್ಷಕ್ಕೆ ಓಟು ಅಂತ ಹೇಳಿಕೊಡುವ ಫೋನಿನ ಕ್ವಿಜ್ಜುಗಳ ಬಗ್ಗೆ ಈ ಪತ್ರ ಬರೆಯುವುದಕ್ಕೆ ಅಷ್ಟು ಸಾಕು ಅಂದುಕೊಂಡಿದ್ದೇನೆ.

ಹೋದ ತಿಂಗಳು ಒಂದು ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದೆ. ನನ್ನ ತಮ್ಮನ ಮಗಳು ನಮ್ಮ ಮನೆಯಲ್ಲೇ ಇದ್ದು ಬಿಎಸ್ಸಿ ಓದುತ್ತಾಳೆ. ಹದಿನೆಂಟು ತುಂಬಿ ವೋಟರ್ ಕಾರ್ಡ್ ಈಗಷ್ಟೇ ಬಂದಿದೆ. ಅಡುಗೆಮನೆಯ ಬಾಗಿಲಿಗೆ ಒರಗಿಕೊಂಡು ಫೋನ್ ಒತ್ತುತ್ತಿದ್ದವಳು ಒಮ್ಮೆಲೇ “ಅತ್ಯಾ, ನನ್ನ ಓಟು ಫಿಕ್ಸ್ ಆತು ನೋಡ” ಅಂದಳು. ಚುನಾವಣೆಯೇ ಘೋಷಣೆ ಆಗಿಲ್ಲ, ಯಾರು ನಿಲ್ಲುತ್ತಾರೋ ಗೊತ್ತಿಲ್ಲ, ಇವಳ ಓಟು ಫಿಕ್ಸ್!

ಯಾರೋ ಗೆಳತಿ ಒಂದು ಲಿಂಕ್ ಕಳಿಸಿದ್ದಳಂತೆ. ‘ನಿಮ್ಮ ಪಕ್ಷ ಯಾವುದು? ಮೂರೇ ನಿಮಿಷದಲ್ಲಿ ತಿಳಿಯಿರಿ.’ ಒಟ್ಟು ಹದಿನೈದು ಹೇಳಿಕೆ. ಒಂದೊಂದರ ಕೆಳಗೂ ಒಪ್ಪುತ್ತೇನೆ, ತಟಸ್ಥ, ಒಪ್ಪುವುದಿಲ್ಲ ಅಂತ ಮೂರು ಗುಂಡಿ. ಒತ್ತಿ ಮುಗಿಸಿದರೆ ಪಕ್ಷಗಳ ಹೆಸರು, ಪಕ್ಕದಲ್ಲಿ ಪರ್ಸೆಂಟೇಜ್. ಇವಳಿಗೆ ಮೊದಲನೆಯ ಪಕ್ಷ 70, ಎರಡನೆಯದು 67, ಮೂರನೆಯದು 60 ಬಂದಿತ್ತು. ಯಾವ ಪಕ್ಷಕ್ಕೆ ಎಷ್ಟು ಅಂತ ನಾನು ಬರೆಯುವುದಿಲ್ಲ. ಬರೆದರೆ ಮುಂದಿನ ಸಾಲು ಯಾರೂ ಓದುವುದಿಲ್ಲ, ಎಲ್ಲರೂ ಅಲ್ಲೇ ಜಗಳಕ್ಕೆ ನಿಲ್ಲುತ್ತಾರೆ.

ಮೊದಲು ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನನಗೆ ಸಿಟ್ಟು ಬರಲಿಲ್ಲ. ನಾನು ಮೊದಲ ಸಲ ಓಟು ಹಾಕಿದಾಗ ಯಾರಿಗೆ ಹಾಕಬೇಕು ಅಂತ ನಮ್ಮ ಅಪ್ಪ ಹೇಳಿದ್ದರು, ಅಪ್ಪನಿಗೆ ಊರ ಹಿರಿಯರು ಹೇಳಿದ್ದರು, ಅವರಿಗೆ ಯಾರು ಹೇಳಿದ್ದರೋ ಆ ದೇವರಿಗೇ ಗೊತ್ತು. ಈ ಹುಡುಗಿ ಮೂರು ನಿಮಿಷವಾದರೂ ತಾನೇ ಕೂತು ‘ಇದಕ್ಕೆ ನಾನು ಏನಂತೀನಿ’ ಅಂತ ಯೋಚನೆ ಮಾಡಿದಳಲ್ಲ, ಅದು ನನಗಿಂತ ಒಂದು ಹೆಜ್ಜೆ ಮುಂದೆ. ಜಾತಿ ಕೇಳಲಿಲ್ಲ, ಓಣಿ ಕೇಳಲಿಲ್ಲ, ಬರೀ ವಿಷಯ ಕೇಳಿತು. ಹಾಗಾಗಿ ಇಂಥ ಕ್ವಿಜ್ಜುಗಳನ್ನು ಬಂದ್ ಮಾಡಿಸಿ ಅಂತ ಕೇಳುವ ಪತ್ರ ಅಲ್ಲ ಇದು.

ರೊಟ್ಟಿ ಮುಗಿಸಿ, ಕೈ ತೊಳೆದು, ಆ ಹದಿನೈದು ಹೇಳಿಕೆ ನನಗೂ ತೋರಿಸು ಅಂದೆ. ತಕರಾರು ಶುರುವಾಗಿದ್ದು ಅಲ್ಲಿಂದ.

ನಾಲ್ಕನೆಯ ಹೇಳಿಕೆ ಹೀಗಿತ್ತು: ‘ರೈತರಿಗೆ ಉಚಿತ ವಿದ್ಯುತ್ ಕೊಡಬೇಕು ಮತ್ತು ಅದಕ್ಕಾಗಿ ನಗರದವರ ಮೇಲೆ ತೆರಿಗೆ ಹೆಚ್ಚಿಸಬೇಕು.’ ಇದು ಒಂದು ಪ್ರಶ್ನೆಯೋ ಎರಡೋ? ಕರೆಂಟ್ ಕೊಡಲಿ, ತೆರಿಗೆ ಬೇಡ ಅನ್ನುವವರು ಯಾವ ಗುಂಡಿ ಒತ್ತಬೇಕು? ಹೊಸದಾಗಿ ಬಿಎಡ್ ಮುಗಿಸಿ ಬಂದ ಶಿಕ್ಷಕಿ ಇಂಥ ಪ್ರಶ್ನೆ ತೆಗೆದರೆ ನಾವು ಕೆಂಪು ಪೆನ್ನಿನಿಂದ ಹೊಡೆದು ವಾಪಸ್ ಕೊಡುತ್ತಿದ್ದೆವು. ಏಳನೆಯದು ‘ಅಭಿವೃದ್ಧಿಗೆ ಅಡ್ಡಿಯಾಗುವ ಹಳೆಯ ಕಾಯ್ದೆಗಳನ್ನು ತೆಗೆಯಬೇಕು’ ಅಂತ. ಅಡ್ಡಿ ಅಂತ ಮೊದಲೇ ಹೇಳಿಬಿಟ್ಟ ಮೇಲೆ ಬೇಡ ಅನ್ನುವವರು ಯಾರು? ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೊಡುವುದು ಅಂದರೆ ಇದೇ. ಹನ್ನೊಂದನೆಯದು ಸಾಮಾನ್ಯ ಜನ ಆತ್ಮರಕ್ಷಣೆಗೆ ಬಂದೂಕು ಇಟ್ಟುಕೊಳ್ಳುವ ಹಕ್ಕಿನ ಬಗ್ಗೆ. ಮಾಳಮಡ್ಡಿಯಲ್ಲಿ ಕೂತು ಅದನ್ನು ಓದಿ ನಗು ಬಂತು. ಅಮೆರಿಕದವರಿಗೆ ಬರೆದ ಪ್ರಶ್ನೆಯನ್ನು ಯಾರೋ ಕನ್ನಡಕ್ಕೆ ತಿರುಗಿಸಿ ಹಾಗೇ ಬಿಟ್ಟಿದ್ದರು. ನಮಗೆ ಇಲ್ಲಿ ಮಂಗ ಓಡಿಸುವುದಕ್ಕೆ ಪಟಾಕಿ ಸಾಕು.

ತಮ್ಮನಿಗೆ ಫೋನ್ ಹಚ್ಚಿ ಈ ಕಥೆ ಹೇಳಿದೆ. ಅವನು ನವಲಗುಂದದ ಹತ್ತಿರ ಹಳ್ಳಿಯಲ್ಲಿ ಹೊಲ ಮಾಡುತ್ತಾನೆ. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ. “ಅಕ್ಕಾ, ಅದ್ರಾಗ ಹೆಸರುಕಾಳಿಗೆ ಖರೀದಿ ಕೇಂದ್ರ ಯಾವಾಗ ತೆಗೀತಾರ ಅಂತ ಕೇಳ್ಯಾರೇನು?” ಇಲ್ಲ ಅಂದೆ. “ಹಂಗಂದ್ರ ಅದು ನಮಗಲ್ಲ ಬಿಡು” ಅಂದ.

ಇನ್ನು ಲೆಕ್ಕದ ವಿಷಯ. ಇದು ನನ್ನ ಕ್ಷೇತ್ರ, ಸ್ವಲ್ಪ ತಾಳ್ಮೆಯಿಂದ ಓದಿ. 70 ಪರ್ಸೆಂಟ್ ಬಂತು ಅಂದರೆ ಹತ್ತರಲ್ಲಿ ಏಳು ವಿಷಯಕ್ಕೆ ಆ ಪಕ್ಷ ನನ್ನ ಜೊತೆ ಇದೆ ಅಂತ ಹುಡುಗಿ ತಿಳಿದಿದ್ದಳು. ಯಾರಾದರೂ ಹಾಗೇ ತಿಳಿಯುತ್ತಾರೆ. ಆ ಅಂಕ ಎಲ್ಲಿಂದ ಬಂತು ಅಂತ ಅದರಲ್ಲಿ ಎಲ್ಲೂ ಬರೆದಿರಲಿಲ್ಲ. ಅದಕ್ಕೆ ನಾವು ಒಂದು ಕೆಲಸ ಮಾಡಿದೆವು. ಮತ್ತೆ ಮೊದಲಿನಿಂದ ಶುರು ಮಾಡಿ ಹದಿನೈದಕ್ಕೆ ಹದಿನೈದೂ ‘ತಟಸ್ಥ’ ಒತ್ತಿದೆವು. ಅಂದರೆ ಏನನ್ನೂ ಹೇಳಲೇ ಇಲ್ಲ. ಫಲಿತಾಂಶ ಏನು ಬಂತು ಗೊತ್ತಾ? ಮೊದಲನೆಯ ಪಕ್ಷಕ್ಕೆ 53, ಉಳಿದ ಎರಡಕ್ಕೂ 50.

ಬಾಯಿ ಮುಚ್ಚಿಕೊಂಡು ಕೂತವರಿಗೂ ಎಲ್ಲ ಪಕ್ಷಗಳ ಜೊತೆ ಕನಿಷ್ಠ ಅರ್ಧ ಹೊಂದಾಣಿಕೆ! ಅಲ್ಲಿಗೆ ಲೆಕ್ಕ ಸಿಕ್ಕಿತು. ನಿಮ್ಮ ಉತ್ತರ, ಪಕ್ಷದ ಉತ್ತರ ಒಂದೇ ಆದರೆ 2 ಅಂಕ. ಒಂದು ಮೆಟ್ಟಿಲು ಆಚೀಚೆ ಆದರೆ 1. ಪೂರ್ತಿ ಉಲ್ಟಾ ಆದರೆ 0. ಹದಿನೈದು ಪ್ರಶ್ನೆಗೆ ಒಟ್ಟು 30 ಅಂಕ. ಮೊದಲನೆಯ ಪಕ್ಷದ ಒಂದು ಉತ್ತರವೂ ‘ತಟಸ್ಥ’ ಇದ್ದಿರಬೇಕು, ಅದಕ್ಕೇ ಅದಕ್ಕೆ 50ರ ಬದಲು 53. ಇಂಥ ಕ್ವಿಜ್ಜುಗಳಲ್ಲಿ ಇದು ಬಳಕೆಯಲ್ಲಿರುವ ಲೆಕ್ಕವೇ, ಮೋಸವೇನಲ್ಲ. ಆದರೆ ಇದರ ಅರ್ಥ ನೋಡಿ. ಮೊದಲನೆಯ ಪಕ್ಷಕ್ಕೆ 30ಕ್ಕೆ 21, ಎರಡನೆಯದಕ್ಕೆ 20. ಇಬ್ಬರ ನಡುವಿನ ಅಂತರ ಒಂದೇ ಒಂದು ಅಂಕ.

“ಹದಿನೈದರಾಗ ನಿನಗ ಖರೇನ ಗೊತ್ತಿಲ್ಲದ್ದು ಯಾವುದು?” ಅಂತ ಕೇಳಿದೆ. ಅವಳು ಒಂಬತ್ತನೆಯದನ್ನು ತೋರಿಸಿದಳು. ರೈಲು ನಿಲ್ದಾಣಗಳ ನಿರ್ವಹಣೆಯನ್ನು ಖಾಸಗಿಯವರಿಗೆ ಕೊಡಬೇಕೋ ಬೇಡವೋ ಅಂತ. ಪ್ಲಾಟ್‌ಫಾರ್ಮ್ ಸ್ವಚ್ಛ ಇರುತ್ತದೆ ಅಂದುಕೊಂಡು ಸುಮ್ನೆ ‘ಒಪ್ಪುತ್ತೇನೆ’ ಒತ್ತಿದ್ದಳಂತೆ. ಉಳಿದ ಹದಿನಾಲ್ಕನ್ನೂ ಹಾಗೇ ಇಟ್ಟು ಅದೊಂದನ್ನು ‘ತಟಸ್ಥ’ ಮಾಡು ಅಂದೆ. ಮಾಡಿದಳು. ಮೊದಲನೆಯ ಪಕ್ಷಕ್ಕೆ ಒಂದು ಅಂಕ ಇಳಿಯಿತು, ಎರಡನೆಯದಕ್ಕೆ ಒಂದು ಏರಿತು. 67 ಇದ್ದದ್ದು 70 ಆಯಿತು, 70 ಇದ್ದದ್ದು 67. ಮೇಲಿದ್ದ ಹೆಸರು ಕೆಳಗೆ, ಕೆಳಗಿನದು ಮೇಲೆ.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಆಮೇಲೆ ತಾನಾಗಿಯೇ ಹದಿನೈದಕ್ಕೂ ‘ಒಪ್ಪುತ್ತೇನೆ’ ಒತ್ತಿ ನೋಡಿದಳು. ಒಂದು ಪಕ್ಷಕ್ಕೆ 80 ಬಂತು. ಅಂದರೆ ಹದಿನೈದು ಹೇಳಿಕೆಗಳಲ್ಲಿ ಹನ್ನೆರಡು ಆ ಪಕ್ಷಕ್ಕೆ ‘ಹೌದು’ ಅನ್ನುವಂತೆಯೇ ಬರೆದಿದ್ದಾರೆ. ನಮ್ಮ ಜನ ಎದುರಿಗೆ ಯಾರಾದರೂ ಏನಾದರೂ ಕೇಳಿದರೆ ಮೊದಲು ‘ಹೌದ್ರಿ’ ಅನ್ನುವವರು. ಬಹು ಆಯ್ಕೆಯ ಪ್ರಶ್ನೆ ತೆಗೆಯುವಾಗ ಸರಿ ಉತ್ತರವೆಲ್ಲ ‘ಎ’ಗೇ ಬರದಂತೆ ಕಲಸುತ್ತೇವಲ್ಲ, ಆ ಸಣ್ಣ ಎಚ್ಚರಿಕೆ ಕೂಡ ಇದರಲ್ಲಿ ಇರಲಿಲ್ಲ. ಬೇಕಂತಲೇ ಮಾಡಿದ್ದಾರೋ, ಗೊತ್ತಿಲ್ಲದೆ ಆಗಿದೆಯೋ, ಹೇಳಲಾರೆ.

ಈಗ ಸ್ವೀಪ್ ಸಮಿತಿಯವರೇ, ನಿಮ್ಮನ್ನು ಯಾಕೆ ನಡುವೆ ಎಳೆದೆ ಅಂತ ಹೇಳಬೇಕು. ಅದಕ್ಕೆ ಮೊದಲು ಇದನ್ನು ಚೆನ್ನಾಗಿ ಮಾಡುವವರು ಹೇಗೆ ಮಾಡುತ್ತಾರೆ ಅಂತ ನೋಡೋಣ.

ಈ ಪದ್ಧತಿ ಹುಟ್ಟಿದ್ದು ನೆದರ್‌ಲ್ಯಾಂಡ್ಸ್‌ನಲ್ಲಿ, 1989ರಲ್ಲಿ. ಹೆಸರು ಸ್ಟೆಮ್‌ವೈಜರ್. ಆಗ ಇಂಟರ್ನೆಟ್ ಎಲ್ಲಿತ್ತು, ಅದು ಶಾಲೆಯ ಮಕ್ಕಳಿಗೆ ಅಂತ ಮಾಡಿದ ಕಾಗದದ ಪುಸ್ತಿಕೆ. ನನಗೆ ಇದು ಇಷ್ಟವಾಯಿತು, ಶಾಲೆಯಿಂದ ಶುರುವಾದದ್ದು ಅಂತ. ಅದನ್ನು ನೋಡಿ ಜರ್ಮನಿಯವರು 2002ರಲ್ಲಿ ವಾಲ್-ಓ-ಮಾಟ್ ಅಂತ ಮಾಡಿದರು. ಮಾಡಿದ್ದು ಖಾಸಗಿ ಕಂಪನಿ ಅಲ್ಲ, ಪೌರಶಿಕ್ಷಣಕ್ಕೆ ಅಂತಲೇ ಇರುವ ಅಲ್ಲಿನ ಸರ್ಕಾರಿ ಸಂಸ್ಥೆ. 2021ರ ಸಂಸತ್ ಚುನಾವಣೆಯಲ್ಲಿ ಅದನ್ನು 2 ಕೋಟಿಗೂ ಹೆಚ್ಚು ಸಲ ಬಳಸಿದರು. ಅಲ್ಲೂ ಹೇಳಿಕೆಗಳೇ, 38. ಅಲ್ಲೂ ಲೆಕ್ಕ 2, 1, 0 ಅಂತಲೇ. ಆದರೆ ಎರಡು ವ್ಯತ್ಯಾಸ ಇದೆ. ಹೇಳಿಕೆಗಳನ್ನು ಬರೆಯುವುದಕ್ಕೆ ವಿಷಯ ಬಲ್ಲವರ ಜೊತೆ ಹೊಸ ಮತದಾರ ಹುಡುಗ-ಹುಡುಗಿಯರನ್ನೂ ಕೂರಿಸುತ್ತಾರೆ. ಇನ್ನೊಂದು, ಪಕ್ಷದ ಉತ್ತರವನ್ನು ಪಕ್ಷವೇ ಬರೆದು ಕೊಡುತ್ತದೆ, ಯಾಕೆ ಹಾಗೆ ಅಂತ ಕಾರಣದ ಜೊತೆ. ನಮ್ಮ ಹುಡುಗಿ ಆಡಿದ ಕ್ವಿಜ್ಜಿನಲ್ಲಿ ಪಕ್ಷದ ಉತ್ತರ ಯಾರು ಬರೆದರು? ಯಾರೋ ಪ್ರಣಾಳಿಕೆ ಓದಿ, ಪೇಪರ್ ಓದಿ, ‘ಇವರು ಹೀಗೆ ಅನ್ನಬಹುದು’ ಅಂತ ತುಂಬಿದ್ದು. ವಿದ್ಯಾರ್ಥಿಯ ಪರವಾಗಿ ಬೇರೆ ಯಾರೋ ಪರೀಕ್ಷೆ ಬರೆದ ಹಾಗೆ.

ಅಷ್ಟು ಎಚ್ಚರಿಕೆ ಇದ್ದ ಜರ್ಮನಿಯಲ್ಲೂ ತಕರಾರು ಆಗಿದೆ. 2019ರ ಯುರೋಪಿಯನ್ ಸಂಸತ್ ಚುನಾವಣೆಯ ಹೊತ್ತಿನಲ್ಲಿ ಒಂದು ಸಣ್ಣ ಪಕ್ಷ ಕೋರ್ಟಿಗೆ ಹೋಯಿತು. ಫಲಿತಾಂಶದಲ್ಲಿ ಒಂದು ಸಲಕ್ಕೆ ಎಂಟು ಪಕ್ಷಗಳನ್ನು ಮಾತ್ರ ಹೋಲಿಸಿ ನೋಡಬಹುದಿತ್ತು. ಜನ ಗೊತ್ತಿರುವ ದೊಡ್ಡ ಪಕ್ಷಗಳನ್ನೇ ಆರಿಸುತ್ತಾರೆ, ನಮ್ಮನ್ನು ಯಾರು ನೋಡುತ್ತಾರೆ ಅನ್ನುವುದು ಅವರ ವಾದ. ಕಲೋನ್ ನಗರದ ಕೋರ್ಟ್ ಅದನ್ನು ಒಪ್ಪಿ, ಮತದಾನಕ್ಕೆ ಕೆಲವೇ ದಿನ ಇರುವಾಗ ಅದನ್ನು ನಿಲ್ಲಿಸಿತು. ಆಮೇಲೆ ರಾಜಿ ಆಗಿ ಮತ್ತೆ ಶುರುವಾಯಿತು. ಪ್ರಶ್ನೆಗಳ ಬಗ್ಗೆ ಅಲ್ಲ, ಬರೀ ಫಲಿತಾಂಶ ತೋರಿಸುವ ರೀತಿಯ ಬಗ್ಗೆ ಅಷ್ಟು ಗಲಾಟೆ! ಇಲ್ಲಿ ನಾವು ಯಾರು ಮಾಡಿದ್ದು ಅಂತಲೂ ಕೇಳುವುದಿಲ್ಲ, ಲಿಂಕ್ ಬಂತು, ಒತ್ತಿದೆವು, ಸ್ಟೇಟಸ್‌ಗೆ ಹಾಕಿದೆವು.

ಅದನ್ನು ಹಾಗೇ ಎತ್ತಿ ಇಲ್ಲಿಗೆ ತರೋಣ ಅಂತಲೂ ನಾನು ಹೇಳುತ್ತಿಲ್ಲ. ಅಲ್ಲಿ ಮತದಾರರಿಗೆ ಎರಡು ಓಟು, ಅದರಲ್ಲಿ ಒಂದು ನೇರ ಪಕ್ಷಕ್ಕೇ. ನಮ್ಮಲ್ಲಿ ಓಟು ಬೀಳುವುದು ಒಬ್ಬ ಮನುಷ್ಯನಿಗೆ. ಆ ಮನುಷ್ಯ ಪಕ್ಷದಲ್ಲೇ ಇರುತ್ತಾನೆ ಅಂತ ಗ್ಯಾರಂಟಿ ಏನು? 2019ರಲ್ಲಿ ನಮ್ಮ ರಾಜ್ಯದಲ್ಲಿ 17 ಶಾಸಕರು ಅನರ್ಹರಾದರು. ಅದೇ ಡಿಸೆಂಬರ್‌ನಲ್ಲಿ ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಹಿರೇಕೆರೂರು, ರಾಣೆಬೆನ್ನೂರಿನ ಜನ ಸುಮಾರು ಒಂದೂವರೆ ವರ್ಷದಲ್ಲಿ ಶಾಸಕರನ್ನು ಆರಿಸುವುದಕ್ಕೆ ಎರಡನೆಯ ಸಲ ಸಾಲಿನಲ್ಲಿ ನಿಂತರು. ಅವರಲ್ಲಿ ಯಾರಾದರೂ 2018ರಲ್ಲಿ ಕ್ವಿಜ್ ಆಡಿ 70 ಪರ್ಸೆಂಟ್ ನೋಡಿ ಓಟು ಹಾಕಿದ್ದರೆ ಆ ಪರ್ಸೆಂಟ್ ಎಲ್ಲಿಗೆ ಹೋಯಿತು? ಗ್ರಾಮ ಪಂಚಾಯಿತಿ ಚುನಾವಣೆಯಲ್ಲಂತೂ ಪಕ್ಷದ ಚಿಹ್ನೆಯೇ ಇರುವುದಿಲ್ಲ.

ಇದೆಲ್ಲಕ್ಕಿಂತ ನನ್ನನ್ನು ಕಾಡಿದ್ದು ಮಹದಾಯಿ, ನಮಗೂ ಗೋವಾಕ್ಕೂ ತಕರಾರಿರುವ ನದಿ ನೀರು.

ಆ ಹದಿನೈದರಲ್ಲಿ ಮಹದಾಯಿ ಇರಲಿಲ್ಲ. ‘ನಮ್ಮ ಕಡೆಯ ಕ್ವಿಜ್ ಆಗಿದ್ದರೆ ಇರುತ್ತಿತ್ತು’ ಅಂತ ಮೊದಲು ಅಂದುಕೊಂಡೆ. ಆಮೇಲೆ ಹೊಳೆಯಿತು, ಇಲ್ಲ, ಆಗಲೂ ಇರುತ್ತಿರಲಿಲ್ಲ. ಯಾಕೆಂದರೆ ‘ಮಹದಾಯಿ ನೀರು ಮಲಪ್ರಭೆಗೆ ಬರಬೇಕು’ ಅಂತ ಒಂದು ಹೇಳಿಕೆ ಹಾಕಿದರೆ ಧಾರವಾಡದಲ್ಲಿ ಯಾವ ಪಕ್ಷ ‘ಒಪ್ಪುವುದಿಲ್ಲ’ ಅನ್ನುತ್ತದೆ? ಎಲ್ಲರೂ ಒಪ್ಪುತ್ತೇನೆ. ಎಲ್ಲರಿಗೂ 2ಕ್ಕೆ 2. ಕ್ಲಾಸಿನಲ್ಲಿ ಎಲ್ಲ ಮಕ್ಕಳೂ ಸರಿ ಬರೆಯುವ ಪ್ರಶ್ನೆ ಯಾರನ್ನೂ ಯಾರಿಂದಲೂ ಬೇರೆ ಮಾಡುವುದಿಲ್ಲ, ಅದನ್ನು ನಾವೂ ಮುಂದಿನ ವರ್ಷ ಪತ್ರಿಕೆಯಿಂದ ತೆಗೆಯುತ್ತೇವೆ. ಕ್ವಿಜ್ ಮಾಡುವವರು ಮಾಡುವುದೂ ಅದನ್ನೇ, ಪಕ್ಷಗಳ ನಡುವೆ ವ್ಯತ್ಯಾಸ ಕಾಣುವ ಹೇಳಿಕೆಗಳನ್ನೇ ಆರಿಸುತ್ತಾರೆ. ಹಾಗೆ ಆರಿಸುತ್ತಾ ಹೋದರೆ ನಮ್ಮ ಕಡೆಯ ದೊಡ್ಡ ಪ್ರಶ್ನೆಗಳೆಲ್ಲ ಒಂದೊಂದೇ ಉದುರುತ್ತವೆ. ಕುಡಿಯುವ ನೀರು ಉದುರುತ್ತದೆ. ಬೆಳೆಗೆ ಬೆಲೆ ಉದುರುತ್ತದೆ. ಉಳಿಯುವುದು ಟಿವಿಯಲ್ಲಿ ರಾತ್ರಿ ಒಂಬತ್ತಕ್ಕೆ ಕೂಗಾಡುವ ವಿಷಯಗಳು.

ತಪ್ಪು ಇರುವುದು ಪ್ರಶ್ನೆಯ ರೂಪದಲ್ಲಿ. ‘ಬರಬೇಕೇ’ ಅಂತ ಕೇಳಬಾರದು. ನ್ಯಾಯಮಂಡಳಿಯ ತೀರ್ಪು ಬಂದದ್ದು 2018ರ ಆಗಸ್ಟ್‌ನಲ್ಲಿ, ಕರ್ನಾಟಕಕ್ಕೆ 13.42 ಟಿಎಂಸಿ. ಅದರಲ್ಲಿ ಕಳಸಾ-ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ ತಿರುಗಿಸುವುದು 3.9 ಟಿಎಂಸಿ. ಗೆಜೆಟ್‌ನಲ್ಲಿ ಬಂದದ್ದು 2020ರ ಫೆಬ್ರವರಿಯಲ್ಲಿ. 2015ರಲ್ಲಿ ನರಗುಂದ, ನವಲಗುಂದದಲ್ಲಿ ಧರಣಿ ಕೂತವರ ಮಕ್ಕಳು ಈಗ ಓಟು ಹಾಕುತ್ತಿದ್ದಾರೆ. ಅವರು ಕೇಳಬೇಕಾದದ್ದು ಹೀಗೆ: ಈಗ ಯಾವ ಕಚೇರಿಯ ಯಾವ ಅನುಮತಿ ಬಾಕಿ ಇದೆ? ಗೋವಾದಲ್ಲಿರುವ ನಿಮ್ಮದೇ ಪಕ್ಷದವರು ಇದಕ್ಕೆ ಏನನ್ನುತ್ತಾರೆ, ನೀವು ಅವರಿಗೆ ಏನು ಬರೆದಿದ್ದೀರಿ, ಆ ಪತ್ರ ತೋರಿಸುತ್ತೀರಾ? ಈ ಪ್ರಶ್ನೆಗೆ ಎಲ್ಲರ ಉತ್ತರ ಒಂದೇ ಆಗಿರುವುದಿಲ್ಲ. ಇದಕ್ಕೆ ಮೂರು ಗುಂಡಿಯೂ ಸಾಲುವುದಿಲ್ಲ, ನಾಲ್ಕು ಸಾಲು ಬರೆಯಬೇಕಾಗುತ್ತದೆ.

ಒಂದು ಮಾತು ಮರೆತಿದ್ದೆ. ಫಲಿತಾಂಶ ತೋರಿಸುವುದಕ್ಕೆ ಮೊದಲು ಆ ಕ್ವಿಜ್ ಹುಡುಗಿಯ ಮೊಬೈಲ್ ನಂಬರ್ ಮತ್ತು ಕ್ಷೇತ್ರ ಕೇಳಿತ್ತು. ಕೊಟ್ಟಿದ್ದಾಳೆ. “ಅದ್ರಾಗೇನೈತಿ ಅತ್ಯಾ, ಎಲ್ಲಾ ಕಡೆ ಕೊಡ್ತೀವಲ್ಲ” ಅಂದಳು. ನನಗೆ ಅಲ್ಲೇ ಎದೆ ಧಸಕ್ ಅಂದದ್ದು. ಮತಗಟ್ಟೆಯಲ್ಲಿ ರಟ್ಟಿನ ಮರೆ ಕಟ್ಟುವಾಗ ಕಿಟಕಿಯಿಂದ ಯಾರಿಗಾದರೂ ಕಾಣುತ್ತದಾ ಅಂತ ಹೊರಗೆ ಹೋಗಿ ಇಣುಕಿ ನೋಡಿ ಬಂದವಳು ನಾನು. ಒಂದು ಸಲ ಕಿಟಕಿಗೆ ಹಳೆಯ ಪೇಪರ್ ಅಂಟಿಸುವುದಕ್ಕೆ ಗೋಂದು ಸಿಗದೆ, ಬಿಸಿಯೂಟದ ಅಕ್ಕಾರ ಹತ್ತಿರ ಅನ್ನದ ಗಂಜಿ ಕೇಳಿ ಹಚ್ಚಿದ್ದೆವು. ಮತದ ಗುಟ್ಟು ಕಾಯದಿದ್ದರೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 128ನೇ ಕಲಂ ಪ್ರಕಾರ ನಮಗೆ ಶಿಕ್ಷೆ. ಇಲ್ಲಿ ಹದಿನೈದು ವಿಷಯಕ್ಕೆ ತನ್ನ ಅಭಿಪ್ರಾಯ, ಹೊಂದುವ ಪಕ್ಷ, ಕ್ಷೇತ್ರ, ಫೋನ್ ನಂಬರ್, ಎಲ್ಲವನ್ನೂ ಒಂದೇ ತಟ್ಟೆಯಲ್ಲಿಟ್ಟು ಕೊಟ್ಟು ಬಂದಿದ್ದಾಳೆ. ಯಾರಿಗೆ ಅಂತ ಅವಳಿಗೂ ಗೊತ್ತಿಲ್ಲ.

ಸುಮ್ನೆ ಹೆದರಿಸುತ್ತಿಲ್ಲ. 2018ರಲ್ಲಿ ಕೇಂಬ್ರಿಡ್ಜ್ ಅನಾಲಿಟಿಕಾ ಹಗರಣ ಹೊರಬಂತಲ್ಲ, ಅದರ ಮೂಲವೂ ಫೇಸ್‌ಬುಕ್ ಮೇಲೆ ಹರಿದಾಡಿದ ಒಂದು ಸ್ವಭಾವ ಪರೀಕ್ಷೆಯ ಆ್ಯಪ್. ಭಾರತದಲ್ಲಿ ಅದನ್ನು ಹಾಕಿಕೊಂಡವರು ಬರೀ 335 ಜನ. ಅವರ ಸ್ನೇಹಿತರ ಪಟ್ಟಿಯ ಮೂಲಕ ಸುಮಾರು 5.62 ಲಕ್ಷ ಭಾರತೀಯರ ಮಾಹಿತಿ ಹೋಗಿರಬಹುದು ಅಂತ ಫೇಸ್‌ಬುಕ್ ಕಂಪನಿಯೇ ಹೇಳಿತು. ಆಟ ಆಡಿದವರು ಒಂದು ಮದುವೆ ಹಾಲ್ ತುಂಬುವಷ್ಟೂ ಇಲ್ಲ, ಮಾಹಿತಿ ಹೋದದ್ದು ಒಂದು ದೊಡ್ಡ ಊರಿನಷ್ಟು ಜನರದ್ದು.

ಚುನಾವಣೆ ಡ್ಯೂಟಿ ಮಾಡಿದವರಿಗೆ ಅಣಕು ಮತದಾನ ಗೊತ್ತು. ಬೆಳಿಗ್ಗೆ ಏಳಕ್ಕೆ ಮತದಾನ ಅಂದರೆ ಐದೂವರೆಗೇ ಏಜೆಂಟರನ್ನು ಕೂರಿಸಿಕೊಂಡು ಯಂತ್ರಕ್ಕೆ ಕನಿಷ್ಠ 50 ಓಟು ಹಾಕಿ, ಎಣಿಸಿ, ವಿವಿಪ್ಯಾಟ್ ಚೀಟಿಯ ಜೊತೆ ತಾಳೆ ನೋಡಿ, ಎಲ್ಲ ಅಳಿಸಿ, ಸಹಿ ಮಾಡಿಸಿ, ಆಮೇಲೆ ಸೀಲ್. ಕಣ್ಣು ಉಜ್ಜಿಕೊಳ್ಳುತ್ತಾ ಚಹಾ ಕಾಯುತ್ತಾ ನಾವು ಇದನ್ನು ಮಾಡುತ್ತೇವೆ. ಓಟು ಹಾಕಿದ ಮೇಲೂ ಚೀಟಿ 7 ಸೆಕೆಂಡ್ ಕಾಣುತ್ತದೆ, ಮತದಾರ ನೋಡಿ ಖಾತ್ರಿ ಮಾಡಿಕೊಳ್ಳಲಿ ಅಂತ. ಓಟು ಎಣಿಸುವ ಯಂತ್ರಕ್ಕೆ ಇಷ್ಟು ಪರೀಕ್ಷೆ ಮಾಡುತ್ತೇವೆ. ಓಟು ಯಾರಿಗೆ ಅಂತ ಹೇಳಿಕೊಡುವ ಯಂತ್ರಕ್ಕೆ ನಮ್ಮ ಅಡುಗೆಮನೆಯಲ್ಲಿ ನಾವಿಬ್ಬರು ಮಾಡಿದ್ದೇ ಪರೀಕ್ಷೆ. ಮೂರು ಸಲ ಒತ್ತಿದೆವು, ಮೂರೂ ಸಲ ಒಂದೊಂದು ಹುಳುಕು.

ಸರಿ, ನನ್ನ ಬೇಡಿಕೆ. ನೀವು ಪ್ರತಿ ಜನವರಿ 25ರಂದು ಮತದಾರರ ದಿನ ಮಾಡುತ್ತೀರಿ. ಜಾಥಾ, ರಂಗೋಲಿ, ಪ್ರತಿಜ್ಞೆ, ಬೈಕ್ ರ್‍ಯಾಲಿ, ಎಲ್ಲ ಆಗಲಿ. ಅವೆಲ್ಲ ‘ಓಟು ಹಾಕಿ’ ಅನ್ನುತ್ತವೆ. ಓಟು ಹಾಕುವುದಕ್ಕೆ ಮೊದಲು ಹೇಗೆ ಯೋಚನೆ ಮಾಡಬೇಕು ಅನ್ನುವ ಜಾಗ ಖಾಲಿ ಇದೆ, ಆ ಖಾಲಿ ಜಾಗಕ್ಕೇ ಈ ಲಿಂಕುಗಳು ಬಂದು ಕೂತಿವೆ. ಪಕ್ಷಗಳನ್ನು ಹೋಲಿಸುವ ಕೆಲಸ ನಿಮಗೆ ಆಗುವುದಿಲ್ಲ, ನಿಮ್ಮ ಕೈ ಕಟ್ಟಿದೆ, ಅದು ಇರಬೇಕಾದದ್ದೇ. ಹೋಲಿಕೆ ಬೇಡ. ಪರ್ಸೆಂಟೇಜ್ ಬೇಡವೇ ಬೇಡ. ಪ್ರಶ್ನೆ ಕೇಳುವುದನ್ನಾದರೂ ಕಲಿಸಬಹುದಲ್ವಾ?

ಕಾಲೇಜುಗಳಲ್ಲಿ ಮತದಾರರ ಸಾಕ್ಷರತಾ ಸಂಘಗಳಿವೆ. ಹೆಚ್ಚಿನ ಕಡೆ ಫೋಟೋ ತೆಗೆಯುವ ದಿನ ಮಾತ್ರ ಅವಕ್ಕೆ ಜೀವ ಬರುತ್ತದೆ. ಆ ಸಂಘದ ಮಕ್ಕಳಿಗೆ ಹೇಳಿ, ನಿಮ್ಮ ಕ್ಷೇತ್ರಕ್ಕೆ ನೀವೇ ಪ್ರಶ್ನೆಪತ್ರಿಕೆ ತೆಗೆಯಿರಿ ಅಂತ. ಹನ್ನೆರಡು ಪ್ರಶ್ನೆ ಸಾಕು. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ಪ್ರತ್ಯೇಕ ದಾರಿ ಹಾಗೇ ಇರಬೇಕೋ ಎಲ್ಲ ಗಾಡಿಗೂ ಬಿಡಬೇಕೋ, ಬಿಟ್ಟರೆ ದಿನಾ ಹುಬ್ಬಳ್ಳಿಗೆ ಓಡಾಡುವವರಿಗೆ ಏನು ವ್ಯವಸ್ಥೆ ಅಂತ ಕೇಳಲಿ. ಧಾರವಾಡಕ್ಕೆ ಬೇರೆ ಪಾಲಿಕೆ ಆದರೆ ಮೊದಲ ಐದು ವರ್ಷ ಅದರ ಖರ್ಚಿಗೆ ದುಡ್ಡು ಎಲ್ಲಿಂದ ಅಂತ ಕೇಳಲಿ. ನಮ್ಮ ಓಣಿಗೆ ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತ ನಿಮಗೆ ಗೊತ್ತಾ ಅಂತ ಕೇಳಲಿ, ಬೇಕೇ ಬೇಡವೇ ಅಂತ ಅಲ್ಲ, ಗೊತ್ತಾ ಅಂತ. ಗೆದ್ದ ಮೇಲೆ ಪಕ್ಷ ಬಿಟ್ಟರೆ ನಮಗೆ ಮೊದಲು ಬಂದು ಹೇಳುತ್ತೀರಾ ಅಂತಲೂ ಕೇಳಲಿ, ತಪ್ಪೇನಿಲ್ಲ.

ನಾಮಪತ್ರ ಹಿಂಪಡೆಯುವ ಕೊನೆಯ ದಿನದಿಂದ ಮತದಾನಕ್ಕೆ ಕನಿಷ್ಠ 14 ದಿನ ಇರುತ್ತದೆ. ಕಣದಲ್ಲಿ ಉಳಿದ ಎಲ್ಲ ಅಭ್ಯರ್ಥಿಗಳಿಗೂ, ಪಕ್ಷೇತರರನ್ನೂ ಬಿಡದೆ, ಅದೇ ದಿನ ಮಕ್ಕಳು ಸ್ಪೀಡ್ ಪೋಸ್ಟ್ ಮಾಡಲಿ. ಒಂದು ವಾರ ಗಡುವು. ಉತ್ತರ ಬಂದದ್ದನ್ನು ಬಂದ ಹಾಗೇ, ಅಭ್ಯರ್ಥಿಯ ಸಹಿ ಸಮೇತ, ಒಂದಕ್ಷರ ತಿದ್ದದೆ ಕಾಲೇಜಿನ ನೋಟಿಸ್ ಬೋರ್ಡಿಗೆ ಹಚ್ಚಲಿ. ಬರದಿದ್ದರೆ ಆ ಹೆಸರಿನ ಕೆಳಗೆ ಜಾಗ ಖಾಲಿ ಬಿಟ್ಟು ‘ಉತ್ತರ ಬಂದಿಲ್ಲ’ ಅಂತ ಬರೆಯಲಿ. ಪರೀಕ್ಷೆಯಲ್ಲಿ ಬರೆಯದ ಪ್ರಶ್ನೆಗೆ ನಾವು ಗೆರೆ ಎಳೆಯುತ್ತೇವಲ್ಲ, ಹಾಗೆ. ಪಕ್ಕದಲ್ಲಿ ಅಭ್ಯರ್ಥಿಯ ಪ್ರಮಾಣಪತ್ರ ಇರಲಿ. ಕೇಸುಗಳೆಷ್ಟು, ಆಸ್ತಿ ಎಷ್ಟು ಅಂತ ತಿಳಿಯುವ ಹಕ್ಕು ಮತದಾರರಿಗಿದೆ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲೂ, ಅದರ ಆ್ಯಪಿನಲ್ಲೂ ಸಿಗುತ್ತದೆ. ನಮ್ಮ ಹುಡುಗಿಗೆ ಕ್ವಿಜ್ ಲಿಂಕ್ ಗೊತ್ತಿತ್ತು, ಈ ಆ್ಯಪ್ ಇದೆ ಅಂತಲೇ ಗೊತ್ತಿರಲಿಲ್ಲ. ಪ್ರಚಾರ ನಿಲ್ಲುವ ಕೊನೆಯ 48 ಗಂಟೆ ಬೋರ್ಡ್ ಇರಬೇಕೋ ತೆಗೆಯಬೇಕೋ ನೀವೇ ಹೇಳಿ, ನಿಯಮ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಅಭ್ಯರ್ಥಿಗಳು ಉತ್ತರ ಕೊಡುತ್ತಾರಾ? ಮೊದಲ ಸಲ ಬಹಳ ಜನ ಕೊಡಲಿಕ್ಕಿಲ್ಲ. ಜರ್ಮನಿಯ ಹಾಗೆ ಕೋಟಿ ಜನ ನೋಡುವ ಬೋರ್ಡ್ ಅಲ್ಲವಲ್ಲ ಇದು. ಆದರೆ ಒಬ್ಬರು ಕೊಟ್ಟು ಇನ್ನೊಬ್ಬರ ಹೆಸರಿನ ಕೆಳಗೆ ಜಾಗ ಖಾಲಿ ಉಳಿದರೆ, ಅದರ ಫೋಟೋ ಸಂಜೆಯೊಳಗೆ ವಾಟ್ಸ್ಆ್ಯಪ್‌ನಲ್ಲಿ ನವಲಗುಂದ ಮುಟ್ಟಿರುತ್ತದೆ. ನಮ್ಮ ಜನರನ್ನು ನಾನು ಅಷ್ಟಾದರೂ ಬಲ್ಲೆ.

ಹುಡುಗಿ ಈಗ ಆ ಫಿಕ್ಸ್ ಆದ ಓಟನ್ನು ವಾಪಸ್ ತಗೊಂಡಿದ್ದಾಳೆ. ಬೇರೆ ಪಕ್ಷಕ್ಕೆ ಬದಲಾಯಿಸಿದ್ದಾಳಾ ಅಂತ ಕೇಳಬೇಡಿ, ನಾನೂ ಕೇಳಿಲ್ಲ. ಅವಳೂ ಅವಳ ಮೂವರು ಗೆಳತಿಯರೂ ಎರಡು ಭಾನುವಾರ ನಮ್ಮ ಪಡಸಾಲೆಯಲ್ಲಿ ಕೂತು, ನನ್ನ ಫ್ರಿಜ್ಜಿನಲ್ಲಿದ್ದ ಫೇಡೆ ಎಲ್ಲ ಖಾಲಿ ಮಾಡಿ, ಹನ್ನೆರಡು ಪ್ರಶ್ನೆ ಬರೆದಿದ್ದಾರೆ. ನಾನು ಕೆಂಪು ಪೆನ್ನು ಹಿಡಿದದ್ದು ನಾಲ್ಕೇ ಕಡೆ, ಒಂದರಲ್ಲಿ ಎರಡು ಪ್ರಶ್ನೆ ಸೇರಿಕೊಂಡಿದ್ದಲ್ಲಿ. ಆ ಹಾಳೆಯ ಒಂದು ಪ್ರತಿಯನ್ನು ನಿಮ್ಮ ಕಚೇರಿಗೆ ಕಳಿಸುತ್ತಿದ್ದೇನೆ. ಹನ್ನೆರಡು ಅಂದೆ, ಎಣಿಸಿದರೆ ಹದಿಮೂರು ಇರುತ್ತವೆ. ಕೊನೆಯದು ನನ್ನ ತಮ್ಮ ಫೋನಿನಲ್ಲಿ ಬರೆಸಿದ್ದು, ಹೆಸರುಕಾಳು ಖರೀದಿ ಕೇಂದ್ರದ್ದು. ಬೇಕಾದರೆ ಬೇರೆ ಯಾವುದನ್ನಾದರೂ ತೆಗೆಯಿರಿ, ಅದನ್ನು ಮಾತ್ರ ತೆಗೆಯಬೇಡಿ. ಅವನು ವಾರಕ್ಕೆರಡು ಸಲ ಫೋನ್ ಮಾಡಿ “ಏನಾತು ಅಕ್ಕಾ” ಅಂತ ಕೇಳುತ್ತಿದ್ದಾನೆ.

ಇಂತಿ,
ಒಬ್ಬ ನಿವೃತ್ತ ಗಣಿತ ಶಿಕ್ಷಕಿ
ಮಾಳಮಡ್ಡಿ, ಧಾರವಾಡ